ನಡೆಯಬಲ್ಲವರು ಗಾಲಿಕುರ್ಚಿಯಲ್ಲಿ ಕುಳಿತರೆ ತಪ್ಪೇ?

ಪ್ರಶ್ನೆ: ನನಗೆ 58 ವರ್ಷ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಪ್ರೌಢಶಾಲೆ ಮುಗಿಯುವವರೆಗೆ ಕ್ಯಾಲಿಪರ್ ಹಾಕಿಕೊಂಡಿದ್ದೆ. ಆಮೇಲೆ ಅದನ್ನು ಅಟ್ಟಕ್ಕೆ ಹಾಕಿ, ಎಡಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ನಡೆಯುವುದನ್ನು ರೂಢಿಸಿಕೊಂಡೆ. ಹಾಗೆ ನಡೆದೇ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ. ಆದರೆ ನಾಲ್ಕು ವರ್ಷಗಳಿಂದ ಅರ್ಧ ಗಂಟೆ ನಿಂತರೂ ಎರಡೂ ಕಾಲು ನಡುಗುತ್ತವೆ. ಕಳೆದ ವರ್ಷ ಎರಡು ಸಲ ಬಿದ್ದೆ. ಪೋಲಿಯೊ ಬಂದವರಿಗೆ ಈ ವಯಸ್ಸಿನಲ್ಲಿ ಹೀಗಾಗುವುದುಂಟು ಎಂದ ವೈದ್ಯರು, ಹೆಚ್ಚು ಹೊತ್ತಿನ ಓಡಾಟಕ್ಕೆ ಗಾಲಿಕುರ್ಚಿ ಬಳಸಲು ಹೇಳಿದ್ದಾರೆ. ಕೊಂಡಿದ್ದೇವೆ, ಆದರೆ ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಒಯ್ದಿಲ್ಲ. ಮುಂದಿನ ತಿಂಗಳು ಬೆಂಗಳೂರಿನ ಛತ್ರವೊಂದರಲ್ಲಿ ಮಗಳ ಮದುವೆ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಗಾಲಿಕುರ್ಚಿ ಬೇಕೇಬೇಕು ಎಂದು ಮಗಳು ಹಟ ಹಿಡಿದಿದ್ದಾಳೆ. ನನ್ನ ಅಕ್ಕ, "ಎರಡು ದಿನ ಹೇಗಾದರೂ ತಡೆದುಕೋ, ಬೀಗರ ಕಡೆಯವರು ಏನಂದುಕೊಂಡಾರು, ಫೋಟೊದಲ್ಲೆಲ್ಲ ಅದೇ ಕಾಣುತ್ತದೆ" ಎನ್ನುತ್ತಾಳೆ. ನನ್ನ ಮನಸ್ಸನ್ನು ಕೊರೆಯುತ್ತಿರುವುದು ಇನ್ನೊಂದು. ನಾನು ಸ್ವಲ್ಪವಾದರೂ ನಡೆಯಬಲ್ಲೆ. ಒಮ್ಮೆ ಕುಳಿತು, ಇನ್ನೊಮ್ಮೆ ಎದ್ದು ನಡೆದರೆ ನೋಡಿದವರಿಗೆ ನಾಟಕದಂತೆ ಕಾಣುವುದಿಲ್ಲವೇ? ಧಾರೆಯ ಹೊತ್ತಿಗೆ ಮಾತ್ರ ನಾನು ನಿಂತೇ ನೀರೆರೆಯಬೇಕೆಂಬ ಆಸೆಯಿದೆ.
- ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಧಾರೆಯ ಹೊತ್ತಿಗೆ ನೀವು ನಿಂತಿರಬೇಕಾದರೆ, ಅದಕ್ಕೆ ಮೊದಲಿನ ಹದಿನೈದು ಗಂಟೆಗಳಲ್ಲಿ ಆದಷ್ಟೂ ಕುಳಿತಿರಬೇಕು. ಆದ್ದರಿಂದ ಗಾಲಿಕುರ್ಚಿಯನ್ನು ಅವಶ್ಯವಾಗಿ ಒಯ್ಯಿರಿ.

ಇದಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ "ತಡೆದುಕೋ" ಎಂಬ ನಿಮ್ಮ ಅಕ್ಕನ ಮಾತಿಗೆ ಉತ್ತರ ಇರುವುದು ಅಲ್ಲಿಯೇ. ಪೋಲಿಯೊ ವೈರಾಣು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಉಳಿದುಕೊಂಡ ನರಕೋಶಗಳು ಹೊಸ ಕವಲುಗಳನ್ನು ಚಾಚಿ, ದಿಕ್ಕಿಲ್ಲದಂತಾದ ಸ್ನಾಯುವಿನ ಎಳೆಗಳನ್ನೂ ತಮ್ಮ ವಶಕ್ಕೆ ತೆಗೆದುಕೊಂಡು ದುಡಿಯತೊಡಗುತ್ತವೆ. ಮಗು ಮತ್ತೆ ಎದ್ದು ನಡೆಯುವುದು ಬಹುಮಟ್ಟಿಗೆ ಹೀಗೆ. ಒಬ್ಬರ ಸಂಬಳದಲ್ಲಿ ನಾಲ್ಕು ಮನೆ ನಡೆಸಿದಂತಹ ಈ ವ್ಯವಸ್ಥೆ ದಶಕಗಳ ಕಾಲ ನಡೆಯುತ್ತದೆ. ಆಮೇಲೆ ದುಡಿದ ಕೋಶಗಳು ಸೋಲತೊಡಗುತ್ತವೆ. ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎಂದು ಕರೆಯುವುದು ಇದನ್ನೇ. ಇಲ್ಲಿ ಹಟ ಹಿಡಿದು ನಡೆದರೆ ಕಾಲು ಪಳಗುವುದಿಲ್ಲ. ದಣಿವು ಕಾಣಿಸಿಕೊಂಡ ಮೇಲೆ ಕುಳಿತರೆ ಚೇತರಿಸಿಕೊಳ್ಳಲು ದಿನಗಳೇ ಬೇಕಾಗಬಹುದು, ದಣಿಯುವ ಮೊದಲೇ ಕುಳಿತರೆ ಅರ್ಧ ಗಂಟೆಯಲ್ಲಿ ಹಗುರವಾಗಬಹುದು. ನೀವು ಇಷ್ಟು ವರ್ಷ ಪಾಲಿಸಿಕೊಂಡು ಬಂದ ಛಲಕ್ಕೆ ಇದು ನೇರ ವಿರುದ್ಧವಾದ ನಿಯಮ ಎಂಬುದನ್ನು ಬಲ್ಲೆ. ನಮ್ಮ ದೇಶದಲ್ಲಿ ಪ್ರಕೃತಿಯಲ್ಲಿ ತಾನಾಗಿ ಹರಡುವ 'ಕಾಡು' ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ದೇಶಕ್ಕೆ ಪೋಲಿಯೊಮುಕ್ತ ಎಂಬ ಮನ್ನಣೆ ಸಿಕ್ಕಿತು. ರೋಗ ಹೋಯಿತು ಎಂದು ಎಲ್ಲರೂ ಮರೆತರು. ಅದನ್ನು ದಾಟಿ ಬಂದ ನಿಮ್ಮ ವಯಸ್ಸಿನವರ ಕಾಲುಗಳು ಇನ್ನೂ ಅದರ ಲೆಕ್ಕ ತೀರಿಸುತ್ತಿವೆ.

ಈಗ ನಾಟಕದ ಮಾತು. ಗಾಲಿಕುರ್ಚಿ ಎಂದರೆ ಒಂದು ಹೆಜ್ಜೆಯನ್ನೂ ಇಡಲಾಗದವರ ಸಾಧನ ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕನ್ನಡಕ ಹಾಕಿದವರೆಲ್ಲ ಕುರುಡರಲ್ಲವೆಂದು ಎಲ್ಲರಿಗೂ ಗೊತ್ತು, ಆದರೆ ಗಾಲಿಕುರ್ಚಿಯಿಂದ ಒಬ್ಬರು ಎದ್ದು ನಿಂತರೆ ಪವಾಡ ಕಂಡವರಂತೆ ಬಾಯಿ ತೆರೆಯುತ್ತಾರೆ. ಗಾಲಿಕುರ್ಚಿ ಬಳಸುವವರಲ್ಲಿ ಸ್ವಲ್ಪ ನಿಲ್ಲಬಲ್ಲವರು, ಸ್ವಲ್ಪ ನಡೆಯಬಲ್ಲವರು ಬಹಳ ಮಂದಿ ಇದ್ದಾರೆ. "ಈಗಷ್ಟೇ ಎದ್ದು ನಡೆದಿರಲ್ಲ!" ಎಂದು ಛತ್ರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಹೌದು, ಧಾರೆಗೆಂದು ಕಾಲು ಉಳಿಸಿಕೊಳ್ಳುತ್ತಿದ್ದೇನೆ. ನಿಮ್ಮ ತಿಂಡಿ ಆಯಿತೇ?" ಎಂದುಬಿಡಿ. ಮದುವೆಮನೆಯಲ್ಲಿ ಊಟ ತಿಂಡಿಯ ವಿಚಾರಣೆ ಎತ್ತಿದರೆ ಬೇರೆ ಯಾವ ಮಾತೂ ಮುಂದುವರಿಯುವುದಿಲ್ಲ.

ಅಕ್ಕನವರ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಣ್ಣಿನ ತಾಯಿಗೆ ಕಾಲಿನ ತೊಂದರೆ ಇದೆ ಎಂದರೆ "ಮನೆತನದಲ್ಲಿಯೇ ಇದೆಯೋ ಏನೋ" ಎಂದು ಪಿಸುಗುಟ್ಟುವವರನ್ನು ಅವರ ತಲೆಮಾರು ಕಣ್ಣಾರೆ ಕಂಡಿದೆ. ಪೋಲಿಯೊ ಒಂದು ಸೋಂಕು, ಅದು ತಾಯಿಯಿಂದ ಮಕ್ಕಳಿಗೆ ರಕ್ತದಲ್ಲಿ ಇಳಿದು ಬರುವುದಿಲ್ಲ. ಬೀಗರು ನಿಮ್ಮನ್ನು ನಿಶ್ಚಿತಾರ್ಥದಲ್ಲಿ ನೋಡಿದ್ದಾರೆ, ನಿಮ್ಮ ನಡಿಗೆ ಅವರಿಗೆ ಹೊಸದಲ್ಲ. ಹೊಸದಾಗಿ ಕಾಣುವುದು ಗಾಲಿಕುರ್ಚಿ ಮಾತ್ರ. ಆದ್ದರಿಂದ ಮದುವೆಗೆ ಒಂದು ವಾರ ಮೊದಲೇ, ಸೀರೆ ಶಾಸ್ತ್ರಗಳ ಮಾತಿನ ನಡುವೆ, ನಿಮ್ಮ ಮಗಳೋ ನೀವೋ ಬೀಗಿತಿಯವರಿಗೆ ಫೋನಿನಲ್ಲಿ, "ಅಷ್ಟು ಹೊತ್ತು ನಿಲ್ಲಲು ಆಗುವುದಿಲ್ಲ, ಗಾಲಿಕುರ್ಚಿಯಲ್ಲಿ ಇರುತ್ತೇನೆ" ಎಂದು ಹೇಳಿಬಿಡಿ. ಮೊದಲೇ ತಿಳಿದ ಸಂಗತಿಯನ್ನು ಯಾರೂ ಮುಹೂರ್ತದ ದಿನ ಚರ್ಚೆಗೆ ಎತ್ತಿಕೊಳ್ಳುವುದಿಲ್ಲ. ಬಿದ್ದು ಕೈ ಮುರಿದುಕೊಂಡ ತಾಯಿಯನ್ನು ಮುಹೂರ್ತದ ಹೊತ್ತಿಗೆ ಆಸ್ಪತ್ರೆಗೆ ಒಯ್ಯುವ ಪರಿಸ್ಥಿತಿ ಬಂದರೆ ಅದನ್ನು ಮಾತ್ರ ಎರಡೂ ಕಡೆಯವರು ವರ್ಷಗಟ್ಟಲೆ ನೆನೆಯುತ್ತಾರೆ. ಫೋಟೊ ಬಗ್ಗೆ ಚಿಂತೆಯಿದ್ದರೆ, ಹಳೆಯ ಮನೆಗಳ ಗೋಡೆಯ ಮೇಲಿನ ಗ್ರೂಪ್ ಫೋಟೊಗಳನ್ನು ನೆನಪಿಸಿಕೊಳ್ಳಿ: ಹಿರಿಯರು ಮುಂದಿನ ಸಾಲಿನ ನಡುವೆ ಕುರ್ಚಿಯಲ್ಲಿ, ಉಳಿದವರೆಲ್ಲ ಸುತ್ತ ನಿಂತು. ನಿಮ್ಮ ಕುರ್ಚಿಗೆ ಗಾಲಿ ಇದೆ, ಅಷ್ಟೇ.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ಈ ವಾರವೇ ಮನೆಯವರಲ್ಲಿ ಒಬ್ಬರು ಗಾಲಿಕುರ್ಚಿಯನ್ನೂ ಅಳತೆಯ ಟೇಪನ್ನೂ ತೆಗೆದುಕೊಂಡು ಛತ್ರಕ್ಕೆ ಹೋಗಿ ಬರಲಿ. ಬೆಂಗಳೂರಿನ ಛತ್ರಗಳಲ್ಲಿ ಸಭಾಂಗಣ ಒಂದು ಮಹಡಿಯಲ್ಲಿ, ಊಟದ ಮನೆ ನೆಲಮಾಳಿಗೆಯಲ್ಲಿ, ಹೆಣ್ಣಿನ ಕಡೆಯವರ ಕೋಣೆ ಮೇಲೆ ಇರುವುದು ಸಾಮಾನ್ಯ. ಲಿಫ್ಟ್ ಇದೆ ಎಂದು ವ್ಯವಸ್ಥಾಪಕರು ಹೇಳಿದರೆ ಸಾಲದು. ಅದರ ಬಾಗಿಲಿನಲ್ಲಿ ಕುರ್ಚಿ ಹಿಡಿಸುತ್ತದೆಯೇ, ಊಟದ ಹೊತ್ತಿಗೆ ಅಡುಗೆಯವರ ಪಾತ್ರೆಗಳಿಗೇ ಅದು ಮೀಸಲಾಗಿರುತ್ತದೆಯೇ ಎಂದು ನೋಡಬೇಕು. ಸಾಮಾನ್ಯ ಗಾಲಿಕುರ್ಚಿಯ ಹೊರ ಅಗಲ ಸುಮಾರು 25 ಇಂಚು, ಹಳೆಯ ಕಟ್ಟಡಗಳ ಶೌಚಾಲಯದ ಬಾಗಿಲು ಅಷ್ಟಿರುವುದಿಲ್ಲ. ಕೋಣೆಯನ್ನು ನೆಲದ ಅಂತಸ್ತಿನಲ್ಲಿಯೇ ಕೇಳಿ, ಸಂಕೋಚ ಬೇಡ. ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳನ್ನೂ ಸಾರ್ವಜನಿಕ ಕಟ್ಟಡವೆಂದೇ ಪರಿಗಣಿಸುತ್ತದೆ. ಒಳಗೆ ಹೋಗಲು ದಾರಿ ಕೇಳುವುದು ಉಪಕಾರ ಬೇಡಿದಂತಲ್ಲ.

ಮಂಟಪದ ಮೆಟ್ಟಿಲುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಉತ್ಸಾಹಿ ಹುಡುಗರು "ಹಲಗೆ ಹಾಕಿ ಎಳೆದುಬಿಡುತ್ತೇವೆ ಅತ್ತೆ" ಎಂದು ಮುಂದೆ ಬರುತ್ತಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಇಳಿಜಾರಿಗೆ ಒಪ್ಪಿತವಾದ ಅಳತೆ. ಆರಾರು ಇಂಚಿನ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿಯ ಹಲಗೆ ಬೇಕಾಗುತ್ತದೆ, ಅವರು ತರುವುದು ಆರು ಅಡಿಯದ್ದು. ಅದರ ಬದಲು ಆ ಮೂರು ಮೆಟ್ಟಿಲನ್ನು ನೀವು ನಡೆದೇ ಹತ್ತಿ, ಕುರ್ಚಿಯನ್ನು ಹುಡುಗರು ಖಾಲಿಯಾಗಿ ಮೇಲೆ ತರಲಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ಮಂಟಪದ ಮೇಲೆ ಬರಿಗಾಲಿನ ಸಮಸ್ಯೆಯೊಂದಿದೆ. ಅದು ನಿಮ್ಮ ಪತ್ರದಲ್ಲಿಲ್ಲ, ಆದರೆ ಅನುಭವಕ್ಕೆ ಬಂದೇ ಬರುತ್ತದೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದ ಕಾಲು ಬಹುಮಟ್ಟಿಗೆ ಇನ್ನೊಂದಕ್ಕಿಂತ ಗಿಡ್ಡವಾಗಿರುತ್ತದೆ. ನೀವು ಒಂದು ಅಟ್ಟೆ ದಪ್ಪವಿರುವ ಚಪ್ಪಲಿ ಹಾಕುವವರಾದರೆ, ಅದನ್ನು ಕೆಳಗೆ ಬಿಟ್ಟ ಕ್ಷಣ ನಿಮ್ಮ ಸೊಂಟ ಒಂದು ಕಡೆಗೆ ಕುಸಿದು, ನಿಲ್ಲುವ ಶ್ರಮ ಹೆಚ್ಚಾಗುತ್ತದೆ. ಜೊತೆಗೆ ನೆಲದ ಮೇಲೆ ಅಕ್ಷತೆ ಚೆಲ್ಲಿರುತ್ತದೆ, ಪಾದ ತೊಳೆದ ನೀರು ಹರಿದಿರುತ್ತದೆ. ಒದ್ದೆ ನೆಲದ ಮೇಲಿನ ಅಕ್ಕಿ ಕಾಳು ಕಾಲ ಕೆಳಗಾದರೂ ಕೋಲಿನ ಕೆಳಗಾದರೂ ಒಂದೇ, ಜಾರಿಸದೆ ಬಿಡುವುದಿಲ್ಲ. ಅದೇ ಅಳತೆಯ ಹೊಸದೊಂದು ಜೊತೆಯನ್ನು ಚರ್ಮವಿಲ್ಲದೆ, ಬಟ್ಟೆ ರಬ್ಬರುಗಳಲ್ಲಿ ಮಾಡಿಸಿ, ಬೀದಿಗೆ ಹಾಕದೆ ಮಂಟಪಕ್ಕೆಂದೇ ಇಡಿ. ಪುರೋಹಿತರಿಗೆ ಮೊದಲೇ ಹೇಳಿದರೆ ಒಪ್ಪುವವರೇ ಹೆಚ್ಚು. ಮಣೆಯ ಮೇಲೆ ಮಾತ್ರ ಖಂಡಿತ ಕೂರಬೇಡಿ, ಅಲ್ಲಿಂದ ನಿಮ್ಮನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತದೆ. ಮಂಡಿನೋವಿನ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಸಂಕಲ್ಪ ಮಾಡಿಸುವುದು ಈಗ ಎಲ್ಲ ಪುರೋಹಿತರಿಗೂ ಅಭ್ಯಾಸವಾಗಿದೆ. ನಿಮ್ಮ ಯಜಮಾನರಿಗೂ ಅಷ್ಟೇ ಎತ್ತರದ ಕುರ್ಚಿ ಹಾಕಿಸಿ, ಇಬ್ಬರೂ ಸಮವಾಗಿ ಕುಳಿತಂತಾಗುತ್ತದೆ.

ಧಾರೆಗೆ ಪುರೋಹಿತರು ಸನ್ನೆ ಮಾಡಿದಾಗ ಕುರ್ಚಿಯ ಎರಡೂ ಬ್ರೇಕ್ ಹಾಕಿಸಿ, ಪಾದದ ಹಲಗೆಗಳನ್ನು ಮಡಿಸಿ, ಆಮೇಲೆ ಏಳಿ. ಗಾಲಿಕುರ್ಚಿಯಿಂದ ಬೀಳುವವರು ಹೆಚ್ಚಾಗಿ ಮರೆಯುವುದು ಈ ಎರಡನ್ನೇ. ನೀವು ಬಲಗೈಯಲ್ಲಿ ಗಿಂಡಿ ಹಿಡಿದು ಎಡಗೈಯನ್ನು ತೊಡೆಯ ಮೇಲೆ ಒತ್ತಿ ನಿಲ್ಲುವವರು, ಆದರೆ ಧಾರೆಗೆ ಎರಡೂ ಕೈ ಬೇಕಾದೀತು. ಆದ್ದರಿಂದ ಕುರ್ಚಿ ಹಿಂದೆಯೇ ತಾಗಿಕೊಂಡಿರಲಿ, ಎಡಪಕ್ಕದಲ್ಲಿ ಅಕ್ಕನವರು ನಿಂತು ನಿಮ್ಮ ಸೊಂಟಕ್ಕೆ ಕೈ ಆನಿಸಿರಲಿ. ಫೋಟೊದ ಚಿಂತೆ ಅವರಿಗೇ ಇರುವುದರಿಂದ ಆ ಜಾಗಕ್ಕೆ ಅವರೇ ತಕ್ಕವರು. ಮಂತ್ರ ಉದ್ದವಾಗಿ, ನಡುವೆ ಕಾಲು ನಡುಗಿದರೆ ಕುಳಿತೇ ನೀರೆರೆಯಿರಿ.

ಕುರ್ಚಿ ತಳ್ಳಲು "ಯಾರಾದರೂ ಇರುತ್ತಾರೆ" ಎಂದುಕೊಂಡರೆ ಹೊತ್ತಿಗೆ ಯಾರೂ ಇರುವುದಿಲ್ಲ. ಎರಡು ದಿನಕ್ಕೆ ಇಬ್ಬರನ್ನು ಗೊತ್ತುಮಾಡಿ. ನಿಮ್ಮನ್ನು ಕೇಳದೆ ಕುರ್ಚಿಗೆ ಕೈ ಹಾಕಬಾರದು, ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಸಬೇಕು, ಸೀರೆಯ ಸೆರಗು ಗಾಲಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು ಎಂದು ಹೇಳಿಕೊಡಿ. ಸೆರಗನ್ನು ಮುಂದಕ್ಕೆ ತಂದು ಸಿಕ್ಕಿಸಿ, ನೆರಿಗೆಯನ್ನು ಎಂದಿಗಿಂತ ಒಂದು ಇಂಚು ಮೇಲಕ್ಕೆ ಉಡಿ. ಛತ್ರದಲ್ಲಿ ಹವಾನಿಯಂತ್ರಣವಿದ್ದರೆ ಎಡಗಾಲಿಗೆ ಉಣ್ಣೆಯ ಕಾಲುಚೀಲ ಇರಲಿ, ಪೋಲಿಯೊ ಬಂದ ಕಾಲಿಗೆ ಚಳಿ ತಡೆಯುವುದಿಲ್ಲ, ತಣ್ಣಗಾದರೆ ಇರುವ ಬಲವೂ ಕುಗ್ಗುತ್ತದೆ.

ಮುಖ್ಯವಾಗಿ, ಗಾಲಿಕುರ್ಚಿಯಲ್ಲಿ ನೀವು ಮೊದಲ ಸಲ ಜನರೆದುರು ಕಾಣಿಸಿಕೊಳ್ಳುವ ದಿನ ಮಗಳ ಮದುವೆಯ ದಿನವಾಗಬಾರದು. ಅದಕ್ಕೆ ಮೊದಲು ಒಮ್ಮೆ ತುಮಕೂರಿನಲ್ಲಿಯೇ ಸೀರೆ ಅಂಗಡಿಗೆ ಅದರಲ್ಲಿ ಹೋಗಿ ಬನ್ನಿ. ನೋಡುವವರು ನೋಡುತ್ತಾರೆ, ಅಂಗಡಿಯವರು ನಿಮ್ಮನ್ನು ಬಿಟ್ಟು ತಳ್ಳುವವರನ್ನೇ "ಅಮ್ಮನಿಗೆ ಯಾವ ಬಣ್ಣ ಬೇಕು?" ಎಂದು ಕೇಳುತ್ತಾರೆ, ನಿಮಗೆ ಸಿಟ್ಟು ಬರುತ್ತದೆ. ಅದೆಲ್ಲ ಅಲ್ಲಿಯೇ ಮುಗಿಯಲಿ.

ಪ್ರಶ್ನೆ: ನನ್ನ ತಂದೆಗೆ 79 ವರ್ಷ, ಬಲ ಮಂಡಿ ಸವೆದಿದೆ. ಮೊಮ್ಮಗನ ಉಪನಯನಕ್ಕೆ ವಾಕರ್ ತರುತ್ತೇನೆಂದರೆ "ಹೆಣದಂತೆ ಕಾಣಿಸಬೇಡ ನನ್ನನ್ನು" ಎಂದು ರೇಗಿದರು. ಛತ್ರಿ ಊರಿಕೊಂಡೇ ಓಡಾಡುತ್ತಾರೆ. ಏನು ಮಾಡಲಿ?
- ಓದುಗರು, ಶಿರಸಿ

ಉತ್ತರ: ಮಲೆನಾಡಿನ ಹಿರಿಯರ ಛತ್ರಿಯ ಮೇಲೆ ನನಗೂ ಗೌರವವಿದೆ, ಆದರೆ ಅದರ ಲೋಹದ ತುದಿ ಗ್ರಾನೈಟ್ ನೆಲದ ಮೇಲೆ ನಿಲ್ಲುವುದಿಲ್ಲ, ಎತ್ತರವೂ ಹೊಂದುವುದಿಲ್ಲ. ವಾಕರಿನ ಮಾತನ್ನು ಸದ್ಯಕ್ಕೆ ಬಿಡಿ. ವೈದ್ಯರು ವಾಕರೇ ಬೇಕೆಂದು ಹೇಳಿರದಿದ್ದರೆ ಒಳ್ಳೆಯ ಬೆತ್ತದ ಊರುಗೋಲೊಂದನ್ನು ಅವರೇ ಆರಿಸಿಕೊಳ್ಳಲಿ. ಛತ್ರಿ ಹಿಡಿದ ಕೈಗೆ ಕೋಲು ಅಷ್ಟೇನೂ ದೂರವಲ್ಲ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೆಯೋ ಅಲ್ಲಿಗೆ ಹಿಡಿ ಬರುವಂತೆ ಕೋಲನ್ನು ಕತ್ತರಿಸಿ, ತುದಿಗೆ ದಪ್ಪ ರಬ್ಬರ್ ಬುಷ್ ಹಾಕಿಸಿ. ಕೋಲು ನೋಯುವ ಬಲಗಾಲಿನ ಪಕ್ಕಕ್ಕಲ್ಲ, ಎಡಗೈಗೆ ಬರಬೇಕು. ಉಪನಯನದ ದಿನ ಬಲಗೈ ಬಿಡುವಾಗಿರುವುದರಿಂದ ವಟುವಿಗೆ ಅಕ್ಷತೆ ಹಾಕಲೂ ಅನುಕೂಲ.