ಗಂಡನನ್ನು ಶನಿವಾರ ಲೈಬ್ರರಿಗೆ ಕಳಿಸಲೇ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ನನ್ನ ಗಂಡ ಮರದಿಂದ ಬಿದ್ದರು. ತಲೆಗೆ ಪೆಟ್ಟಾಗಿ ಆಪರೇಷನ್ ಆಯಿತು. ಹನ್ನೊಂದು ದಿನ ಎಚ್ಚರವೇ ಇರಲಿಲ್ಲ. ಈಗ ನಡೆಯುತ್ತಾರೆ, ಸ್ನಾನ ಊಟ ಎಲ್ಲ ಸ್ವಂತ. ನೋಡಿದವರು ‘ಸರಿಯಾಗಿದ್ದಾರಲ್ಲ’ ಅನ್ನುತ್ತಾರೆ. ಆದರೆ ಬೆಳಿಗ್ಗೆ ಜಗಲಿಯಲ್ಲಿ ಕೂತರೆ ಯಾರಾದರೂ ಹೇಳುವವರೆಗೆ ಏಳುವುದಿಲ್ಲ. ಹೇಳಿದ್ದು ಮಧ್ಯಾಹ್ನಕ್ಕೆ ಮರೆತಿರುತ್ತದೆ. ಮಲಯಾಳ ಚೆನ್ನಾಗಿ ಬರುತ್ತಿತ್ತು, ಈಗ ಶಬ್ದ ಸಿಗದೆ ತಡವರಿಸುತ್ತಾರೆ. ಕಳೆದ ಮೇ ತಿಂಗಳಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಬಡಿಸುವವನ ಮೇಲೆ ಕಿರುಚಿ, ಎಲೆ ಬಿಟ್ಟು ಎದ್ದರು. ಆಮೇಲೆ ಎಲ್ಲಿಗೂ ಹೋಗಿಲ್ಲ. ಈಗ ಊರಿನ ಪಾಲಿಯೇಟಿವ್ ಕಾರ್ಯಕರ್ತರು (ಮನೆಮನೆಗೆ ಬಂದು ರೋಗಿಗಳನ್ನು ನೋಡಿಕೊಳ್ಳುವವರು) ಅನಂತಪುರದ ಕೆರೆ ದೇವಸ್ಥಾನಕ್ಕೆ ಒಂದು ದಿನದ ಪ್ರವಾಸಕ್ಕೆ ಕರೆದಿದ್ದಾರೆ. ಶನಿವಾರ ಲೈಬ್ರರಿಯಲ್ಲಿ ಸ್ವಲ್ಪ ಸೇವೆಗೂ ಬರಲಿ ಅನ್ನುತ್ತಾರೆ. ಅತ್ತೆ ‘ಊರಿಗೆಲ್ಲ ತೋರಿಸಬೇಕಾ?’ ಅನ್ನುತ್ತಾರೆ. ಇನ್ನೊಂದು ಮಾತು, ಬರೆಯಲು ನಾಚಿಕೆ. ಅವರು ಹೋದರೆ ನಾನೂ ಹೋಗಲೇಬೇಕಾ? ನನಗೂ ಒಂದೆರಡು ಗಂಟೆ ಸುಮ್ನೆ ಇರಬೇಕು ಅನಿಸುತ್ತದೆ.

ಉತ್ತರ: ಕಳಿಸಿ. ನೀವು ಹೋಗಬೇಡಿ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ನಿಮ್ಮ ಪತ್ರದಲ್ಲಿ ಕಾರ್ಯಕರ್ತರು ಹೇಳಿದ್ದಿದೆ, ಅತ್ತೆ ಹೇಳಿದ್ದಿದೆ, ನೋಡಿದವರು ಹೇಳಿದ್ದೂ ಇದೆ. ನಿಮ್ಮ ಗಂಡ ಏನು ಹೇಳಿದರು ಅನ್ನುವುದು ಎಲ್ಲೂ ಇಲ್ಲ. ಕೇಳಿದ್ದೀರಾ?

ಬೈಯುತ್ತಿಲ್ಲ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ನೆಂಟರೊಬ್ಬರ ಮನೆಗೆ ಹೋಗಿದ್ದೆ. ಅಡುಗೆಮನೆಯಿಂದ ಚಹ ತಂದು ಹಂಚುತ್ತಿದ್ದವಳು ನಾನೇ. ಅವರು ಎದುರಿಗೇ ಕೂತಿದ್ದರು. ನಾನು ಅವರ ತಲೆಯ ಮೇಲಿಂದ ಹೆಂಡತಿಯನ್ನು ಕೇಳಿದೆ, “ಇವರಿಗೆ ಸಕ್ಕರೆ ಹಾಕ್ಬಹುದಾ?” ಯಾರೂ ಮಾತಾಡಲಿಲ್ಲ. ಅರ್ಧ ನಿಮಿಷ ಆಗಿರಬೇಕು. ಆಮೇಲೆ ಅವರೇ ನಿಧಾನಕ್ಕೆ, ಒಂದೊಂದೇ ಶಬ್ದ ಹೆಕ್ಕಿದ ಹಾಗೆ ಹೇಳಿದರು. “ಪೆಟ್ಟು ಬಿದ್ದದ್ದು ತಲೆಗೆ. ನಾಲಿಗೆಗಲ್ಲ. ಎರಡು ಚಮಚ.” ಆ ಅರ್ಧ ನಿಮಿಷ ಕಾಯದಿದ್ದರೆ ಅವರಿಗೆ ಸಪ್ಪೆ ಚಹವೇ ಗತಿಯಾಗುತ್ತಿತ್ತು. ನಿಮ್ಮವರನ್ನೂ ಕೇಳಿ, ಕೇಳಿದ ಮೇಲೆ ಕಾಯಿರಿ. ‘ಹೋಗ್ತೀರಾ?’ ಅಂದರೆ ‘ಬೇಡ’ ಅನ್ನುವುದು ಸುಲಭ. ‘ಲೈಬ್ರರಿಗೆ ಶನಿವಾರ ಬೆಳಿಗ್ಗೆಯಾ, ಸಂಜೆಯಾ?’ ಅಂತ ಕೇಳಿ. ಅದಕ್ಕೂ ಬೇಡ ಅಂದರೆ ಎರಡು ವಾರ ಬಿಟ್ಟು ಮತ್ತೆ ಕೇಳಿ. ಎಳೆದುಕೊಂಡು ಹೋಗಬೇಡಿ.

ಜಗಲಿಯಿಂದ ಏಳುವುದಿಲ್ಲ ಅಂದಿರಿ. ನೋಡುವವರಿಗೆ ಅದು ಸೋಮಾರಿತನ. ನಿಮಗೂ ಕೆಲವೊಮ್ಮೆ ಹಾಗೇ ಅನಿಸಿರಬಹುದು, ಅಲ್ವಾ? ಹಣೆಯ ಹಿಂದಿರುವ ಮೆದುಳಿನ ಭಾಗ ಕೆಲಸವನ್ನು ಶುರು ಮಾಡಿಸುತ್ತದೆ. ಅಲ್ಲಿ ಪೆಟ್ಟಾದವರಿಗೆ ಕೆಲಸ ಗೊತ್ತಿರುತ್ತದೆ, ಮನಸ್ಸೂ ಇರುತ್ತದೆ, ಕೈಗೆ ಶಕ್ತಿಯೂ ಇರುತ್ತದೆ. ಏಳಬೇಕು ಅನ್ನುವ ಆ ಮೊದಲ ನೂಕು ಮಾತ್ರ ಒಳಗಿನಿಂದ ಬರುವುದಿಲ್ಲ. ಅದು ಹೊರಗಿನಿಂದ ಬರಬೇಕು. ಹತ್ತು ಗಂಟೆ ಅಂದರೆ ಲೈಬ್ರರಿ, ಅಲ್ಲಿ ಒಬ್ಬರು ಕಾಯುತ್ತಿರುತ್ತಾರೆ ಅನ್ನುವುದು ಅಂಥ ನೂಕು. ನೀವು ಬೆಳಿಗ್ಗೆಯಿಂದ ರಾತ್ರಿವರೆಗೆ ‘ಏಳಿ ಏಳಿ’ ಅನ್ನುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಜಗಳವೂ ಕಮ್ಮಿ.

ಮೆದುಳಿನ ಪೆಟ್ಟಿನ ಬಗ್ಗೆ ಓದಿದವರಿಗೆಲ್ಲ ಫಿನಿಯಾಸ್ ಗೇಜ್ ಗೊತ್ತು. ಅಮೆರಿಕದ ರೈಲು ಕೆಲಸದವನು. 1848ರಲ್ಲಿ ಕಬ್ಬಿಣದ ಸರಳು ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿದ, ಆದರೆ ‘ಅವನು ಮೊದಲಿನ ಗೇಜ್ ಅಲ್ಲ’ ಅಂದರು ಗೆಳೆಯರು. ಹೆಚ್ಚಿನವರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಅವನು ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿ ಓಡಿಸಿದ. ಅದೇ ಹೊತ್ತು, ಅದೇ ದಾರಿ, ಅದೇ ಕೆಲಸ. ಅದೇ ಅವನನ್ನು ಮತ್ತೆ ನೆಲೆಗೆ ತಂದಿರಬೇಕು ಎಂದು ಅವನ ಬದುಕನ್ನು ಕೆದಕಿದ ಕೆಲವರು ಬರೆಯುತ್ತಾರೆ. ಮೊದಲ ಆರು ತಿಂಗಳಲ್ಲಿ ಚೇತರಿಕೆ ವೇಗ ಜಾಸ್ತಿ, ನಿಜ. ಹಾಗಂತ ಎರಡು ವರ್ಷ ಆಯಿತು, ಇನ್ನು ಇಷ್ಟೇ ಅಂತ ಯಾರಾದರೂ ಅಂದರೆ ನಂಬಬೇಡಿ. ನಿಧಾನಕ್ಕೆ ಆಗುವುದು ವರ್ಷಗಟ್ಟಲೆ ಆಗುತ್ತಾ ಇರುತ್ತದೆ.

ಈಗ ಮದುವೆಯ ವಿಷಯಕ್ಕೆ ಬರೋಣ. ಆ ಪಂಕ್ತಿಯನ್ನು ನಾನು ನೋಡಿಲ್ಲ, ಆದರೆ ನಮ್ಮ ಕಡೆಯ ಪಂಕ್ತಿ ಹೇಗಿರುತ್ತದೆ ಗೊತ್ತು. ಓಲಗ, ಮೈಕು, ಕುರ್ಚಿ ಎಳೆಯುವ ಸದ್ದು. ಬಾಲ್ದಿ ಹಿಡಿದವರು ಒಬ್ಬರ ಹಿಂದೆ ಒಬ್ಬರು ‘ಸಾರು, ಸಾರು’, ‘ಪಾಯಸ ಹಾಕ್ಲಾ’ ಅಂತ ಓಡುವುದು. ಅದಕ್ಕೂ ಮೊದಲು ಅಂಗಳದಲ್ಲಿ ಹತ್ತು ಜನ ಬಂದು ‘ನನ್ನ ಗುರುತು ಸಿಕ್ಕಿತಾ?’ ಅಂತ ಪರೀಕ್ಷೆ ಮಾಡಿರುತ್ತಾರೆ. (ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯಲ್ಲಿ ನಿಷೇಧಿಸಬೇಕು ಅಂತ ನನ್ನ ಆಸೆ. ಬಂದವರು ತಮ್ಮ ಹೆಸರನ್ನು ತಾವೇ ಹೇಳಿದರೆ ಗಂಟೇನೂ ಹೋಗುವುದಿಲ್ಲ.) ನಾವು ಬೇಡದ ಸದ್ದನ್ನು ಗೊತ್ತೇ ಆಗದ ಹಾಗೆ ಬದಿಗೆ ಸರಿಸುತ್ತೇವೆ. ಪೆಟ್ಟಾದ ಮೆದುಳಿಗೆ ಅದು ಕಷ್ಟ. ಎಲ್ಲವೂ ಒಂದೇ ಜೋರಿನಲ್ಲಿ ಒಳಗೆ ನುಗ್ಗುತ್ತದೆ. ಬಡಿಸುವವನು ಪಾಪ, ಹತ್ತನೆಯವನಾಗಿ ಬಂದ, ಅಷ್ಟೆ.

ನಿಮ್ಮ ಕಡೆ ಸುರಂಗದ ನೀರು ಗೊತ್ತಿರುತ್ತದೆ. ಗುಡ್ಡದೊಳಗಿನಿಂದ ಸಣ್ಣಗೆ ಒಂದೇ ಸಮ ಬರುತ್ತದೆ, ಟಾಂಕಿಯಲ್ಲಿ ತುಂಬುತ್ತದೆ. ಬೆಳಿಗ್ಗೆಯೇ ಟಾಂಕಿ ಖಾಲಿ ಮಾಡಿದರೆ ಸಂಜೆ ಗಿಡಕ್ಕೆ ನೀರಿಲ್ಲ. ಬೈದರೂ ಹರಿವು ಜಾಸ್ತಿ ಆಗುವುದಿಲ್ಲ, ತುಂಬುವವರೆಗೆ ಕಾಯಬೇಕು. ಅವರ ಆಯಾಸ ಹಾಗೆ. ಮೈಗಿಂತ ಮೊದಲು ತಲೆ ದಣಿಯುತ್ತದೆ. ಮಾತು ತಡೆಯುವುದು, ಮುಖ ಕೆಂಪಾಗುವುದು, ಹಣೆ ಉಜ್ಜುವುದು, ಹೀಗೆ ನಿಮಗೆ ಮಾತ್ರ ಗೊತ್ತಿರುವ ಒಂದು ಗುರುತು ಇದ್ದೇ ಇರುತ್ತದೆ. ಅದನ್ನು ಕಾರ್ಯಕರ್ತರಿಗೆ ಹೇಳಿಕೊಡಿ. ಅದು ಕಂಡ ಕೂಡಲೇ ಅವರನ್ನು ಸದ್ದಿಲ್ಲದ ಕಡೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ ಕೂರಿಸಲಿ. ‘ಏನಾಯ್ತು, ಏನಾಯ್ತು’ ಅಂತ ಕೇಳುವುದು ಬೇಡ.

ಹಾಗಾಗಿ ಅನಂತಪುರ ಒಳ್ಳೆಯ ಜಾಗವಾದರೂ ಒಂದು ದಿನದ ಬಸ್ ಪ್ರವಾಸ ಮೊದಲ ಹೆಜ್ಜೆಗೆ ದೊಡ್ಡದಾಯಿತು. ಮೂವತ್ತು ಜನ, ಬಸ್ಸಿನಲ್ಲಿ ಹಾಡು, ಮುರಕಲ್ಲಿನ ಬಯಲಿನ ಬಿಸಿಲು. ಮೊದಲು ಒಬ್ಬರೇ ಒಬ್ಬ ಕಾರ್ಯಕರ್ತರ ಜೊತೆ, ಜನ ಕಮ್ಮಿ ಇರುವ ವಾರದ ದಿನ, ಬಿಸಿಲು ಇಳಿದ ಮೇಲೆ ಹೋಗಿ ಬರಲಿ. ಕೆರೆಯ ನಡುವಿನ ಗುಡಿ ನೋಡಲಿ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರಲ್ಲಿ ಸತ್ತಿತು, ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಕಾಣಿಸಿತು. ಅವರು ಬಿದ್ದದ್ದು ಆ ಹೊತ್ತಿನ ಆಸುಪಾಸಿನಲ್ಲಾದರೆ ಅದು ನೆನಪಿಲ್ಲದೇ ಇರಬಹುದು. ‘ನೆನಪಿದೆಯಾ?’ ಅನ್ನದೆ ಸುದ್ದಿ ಹೇಳಿದ ಹಾಗೆ ಹೇಳಲಿ. ಒಂದು ಗಂಟೆ ಸಾಕು. ಚೆನ್ನಾಗಿದ್ದರೂ ಒಂದೇ ಗಂಟೆ. ಇನ್ನೂ ಸ್ವಲ್ಪ ಇರೋಣ ಅನ್ನುವಾಗಲೇ ಹೊರಟರೆ ಮುಂದಿನ ಸಲ ತಾವಾಗಿ ಚಪ್ಪಲಿ ಹುಡುಕುತ್ತಾರೆ. ಯಕ್ಷಗಾನದ ಹುಚ್ಚಿದ್ದವರಾದರೆ ಸದ್ಯಕ್ಕೆ ರಾತ್ರಿಯ ಆಟ ಬೇಡ. ಸಂಜೆಯ ತಾಳಮದ್ದಳೆ ಇದ್ದರೆ ಚೆಂಡೆಯಿಂದ ದೂರ, ಬಾಗಿಲ ಹತ್ತಿರ ಕುರ್ಚಿ ಹಾಕಿಸಿ.

ಭಾಷೆಯ ಮಾತು ನೀವು ಒಂದು ಸಾಲಿನಲ್ಲಿ ಮುಗಿಸಿದಿರಿ. ನನಗೆ ಅದೇ ಮುಖ್ಯ ಅನಿಸಿತು. ಎರಡು ಮೂರು ಭಾಷೆ ಆಡುವವರಿಗೆ ತಲೆಗೆ ಪೆಟ್ಟಾದಾಗ ಎಲ್ಲ ಭಾಷೆಯೂ ಒಂದೇ ಸಮ ವಾಪಸ್ ಬರಬೇಕೆಂದಿಲ್ಲ. ಕೆಲವರಿಗೆ ಮನೆಮಾತು ಮೊದಲು ಬರುತ್ತದೆ, ಕೆಲವರಿಗೆ ದಿನಾ ಬಳಸುತ್ತಿದ್ದದ್ದು. ನಮ್ಮ ಊರಿನ ಗುಂಪುಗಳಲ್ಲಿ ನಾಲ್ಕು ಜನ ಸೇರಿದರೆ ಮಾತು ಮಲಯಾಳಕ್ಕೆ ಜಾರುತ್ತದೆ. ಆಗ ನಿಮ್ಮವರು ಸುಮ್ಮನಾಗುತ್ತಾರೆ, ‘ಏನೂ ಅರ್ಥವಾಗುವುದಿಲ್ಲ ಪಾಪ’ ಅಂತ ಉಳಿದವರು ತಿಳಿಯುತ್ತಾರೆ. ಅವರ ಜೊತೆ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿ ಅಂತ ಮೊದಲೇ ಹೇಳಿಬಿಡಿ. ಸಂಕೋಚ ಬೇಡ.

ಇನ್ನು ಲೈಬ್ರರಿ. ನನಗೆ ಪ್ರವಾಸಕ್ಕಿಂತ ಇದರ ಮೇಲೆ ಜಾಸ್ತಿ ಆಸೆ. ಎರಡು ವರ್ಷದಿಂದ ಅವರು ಬರೀ ತೆಗೆದುಕೊಳ್ಳುವವರು. ಮಾತ್ರೆ ತಗೊಳ್ಳಿ, ಊಟ ತಗೊಳ್ಳಿ, ಕೈ ಹಿಡಿದುಕೊಳ್ಳಿ. ತೋಟ ನಡೆಸಿದ ಮನುಷ್ಯನಿಗೆ ಅದು ಎಷ್ಟು ಬೇಸರ! ಬ್ರಿಟನ್ನಿನಲ್ಲಿ ಮೆದುಳಿನ ಪೆಟ್ಟಾದವರಿಗೆಂದೇ 1979ರಿಂದ ಹೆಡ್‌ವೇ ಎಂಬ ಸಂಸ್ಥೆ ಇದೆ. ನಮ್ಮ ಹಳ್ಳಿಗಳಲ್ಲಿ ಬಾಗಿಲು ತಟ್ಟುವವರು ಪಾಲಿಯೇಟಿವ್‌ನವರು. ಕೇರಳ ಸರಕಾರ 2008ರಲ್ಲಿ ಅದಕ್ಕೊಂದು ನೀತಿ ತಂದ ಮೇಲೆ ಪಂಚಾಯತುಗಳೂ ಕೈಜೋಡಿಸಿದವು. ನಿಮ್ಮವರನ್ನು ಅವರು ರೋಗಿಗಳ ಪಟ್ಟಿಯಿಂದ ಕೆಲಸ ಮಾಡುವವರ ಪಟ್ಟಿಗೆ ಹಾಕಲು ನೋಡುತ್ತಿದ್ದಾರೆ. ಒಳ್ಳೆಯವರು.

ಆದರೆ ಕೆಲಸ ನಿಜವಾದದ್ದಾಗಿರಲಿ. ಜೋಡಿಸಿದ ಪುಸ್ತಕವನ್ನೇ ಮತ್ತೆ ಜೋಡಿಸಲು ಕೊಟ್ಟರೆ ಅವರಿಗೆ ಕೂಡಲೇ ಗೊತ್ತಾಗುತ್ತದೆ. ನೆನಪು ಹೋದರೂ ಕೈ ಕಲಿತದ್ದು ಬಹಳ ಸಲ ಉಳಿದಿರುತ್ತದೆ. ನೀವೇ ಪರೀಕ್ಷೆ ಮಾಡಿ ನೋಡಿ, ಸುಲಿದ ಅಡಿಕೆ ಒಂದು ಗೆರಸಿ ಮುಂದಿಡಿ. ಪಟೋರ, ಕರಿಗೋಟಿನಂಥ ಕಮ್ಮಿ ದರ್ಜೆಯ ಅಡಿಕೆ ಬೇರೆ ಮಾಡಲು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ನನ್ನ ಅಂದಾಜು. ಲೈಬ್ರರಿಯಲ್ಲೂ ಅಂಥದ್ದೇ ಇರಲಿ. ಹರಿದ ಪುಸ್ತಕಕ್ಕೆ ಬೈಂಡು, ಪತ್ರಿಕೆಗಳನ್ನು ತಾರೀಕಿನ ಪ್ರಕಾರ ಕಟ್ಟುವುದು. ಕೆಲಸದ ಹಂತಗಳನ್ನು ಒಂದು ರಟ್ಟಿನಲ್ಲಿ ದೊಡ್ಡದಾಗಿ ಬರೆದು ಮೇಜಿನ ಮೇಲಿಟ್ಟರೆ ಮರೆತಾಗ ಯಾರನ್ನೂ ಕೇಳಬೇಕಾಗಿಲ್ಲ. ಆರು ತಿಂಗಳಾದ ಮೇಲೆ, ಅವರಿಗೆ ಓದಲು ಹಿತ ಅನಿಸಿದರೆ, ಹಾಸಿಗೆ ಹಿಡಿದ ಕನ್ನಡದ ಅಜ್ಜ ಒಬ್ಬರಿಗೆ ಪತ್ರಿಕೆ ಓದಿ ಹೇಳಲಿ. ಅಂಥ ಅಜ್ಜಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಿಧಾನಕ್ಕೆ ಓದಿದರೆ ಅವರಿಗೂ ಅನುಕೂಲವೇ. ದುಡ್ಡಿನ ಲೆಕ್ಕ, ಬೇರೆಯವರ ಮಾತ್ರೆ, ಈ ಎರಡು ಮಾತ್ರ ಸದ್ಯ ಅವರ ಕೈಗೆ ಬೇಡ.

ಎಚ್ಚರಿಕೆ ಬೇಗ ಹೇಳಿಬಿಡುತ್ತೇನೆ. ಹೊರಡುವ ಮೊದಲು ಡಾಕ್ಟರರನ್ನು ಒಮ್ಮೆ ಕೇಳಿ. ತಲೆಗೆ ಜೋರು ಪೆಟ್ಟಾದವರಿಗೆ ಎಷ್ಟೋ ತಿಂಗಳ ಮೇಲೂ ಫಿಟ್ಸ್ ಬರಬಹುದು. ಮಾತ್ರೆ ತಪ್ಪಿದರೆ, ನಿದ್ದೆ ಕೆಟ್ಟರೆ, ಕುಡಿದರೆ ಅದು ಜಾಸ್ತಿ. ಕೆರೆ, ಸಮುದ್ರದ ಬದಿಯಲ್ಲಿ ಒಬ್ಬರು ಪಕ್ಕದಲ್ಲೇ ಇರಲಿ. ಮರ ಹತ್ತುವುದು, ಬೈಕ್ ಬಿಡುವುದು ಡಾಕ್ಟರು ಹೂಂ ಅನ್ನುವವರೆಗೆ ಇಲ್ಲ. ಕಿಸೆಯಲ್ಲಿ ಹೆಸರು, ನಿಮ್ಮ ಫೋನು, ಮಾತ್ರೆಯ ಹೆಸರು ಬರೆದ ಚೀಟಿ ಇರಲಿ, ಕನ್ನಡದಲ್ಲೂ ಮಲಯಾಳದಲ್ಲೂ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು. ಕೈಗೆ ಬೀಗದ ಕೈ ಹುಡುಕುತ್ತಾ ಕೂರಬಾರದು. ಐದು ನಿಮಿಷಕ್ಕಿಂತ ಹೆಚ್ಚಾದರೆ ಆಸ್ಪತ್ರೆ.

ಈಗ ನೀವು ನಾಚಿಕೆಯಿಂದ ಬರೆದ ಸಾಲು. ನೀವು ಜೊತೆಗೆ ಹೋಗಬಾರದು ಅಂದದ್ದು ನಿಮ್ಮ ಮೇಲಿನ ಕರುಣೆಯಿಂದ ಮಾತ್ರ ಅಲ್ಲ. ನೀವಿದ್ದರೆ ಎಲ್ಲರೂ ನಿಮ್ಮನ್ನೇ ಕೇಳುತ್ತಾರೆ, ಅವರೂ ನಿಮ್ಮ ಮುಖವನ್ನೇ ನೋಡುತ್ತಾರೆ. ಶಬ್ದ ತಡವರಿಸಿದ ಕೂಡಲೇ ನೀವು ವಾಕ್ಯ ಮುಗಿಸಿಬಿಡುತ್ತೀರಿ, ಎರಡು ವರ್ಷದ ಅಭ್ಯಾಸ ಅದು. ಮೊದಲ ಶನಿವಾರ ಬಾಗಿಲವರೆಗೆ ಬಿಟ್ಟು ವಾಪಸ್ ಬನ್ನಿ. ಆ ಎರಡು ಗಂಟೆಯಲ್ಲಿ ಪಾತ್ರೆ ತೊಳೆಯಬೇಡಿ. ಮಲಗಿ, ಇಲ್ಲವೇ ಸುಮ್ನೆ ಕೂತಿರಿ. ರಾತ್ರಿ ನಿದ್ದೆ ಬಾರದಷ್ಟು ಭಾರ ಅನಿಸುವ ದಿನಗಳಿದ್ದರೆ 14416ಕ್ಕೆ ಫೋನ್ ಮಾಡಿ. ಸರಕಾರದ ಟೆಲಿಮಾನಸ್ ಸಹಾಯವಾಣಿ ಅದು, ಬಿಟ್ಟಿ. ಕನ್ನಡದಲ್ಲೇ ಮಾತಾಡಬೇಕು ಅಂತ ಹೇಳಿ.

ಒಂದು ಶನಿವಾರ ಕೆಟ್ಟು ಹೋಗುತ್ತದೆ. ಯಾರ ಮೇಲಾದರೂ ರೇಗಿ ಹತ್ತೇ ನಿಮಿಷದಲ್ಲಿ ವಾಪಸ್ ಬರುತ್ತಾರೆ. ಅದರ ಮುಂದಿನ ಶನಿವಾರವೂ ಹತ್ತಕ್ಕೆ ಹೊರಡಿಸಿ.

ಅತ್ತೆಯ ಜೊತೆ ವಾದ ಬೇಡ. ಮಗ ಬಿದ್ದ ದಿನ ಅವರೂ ಅಂಗಳದಲ್ಲಿ ಇದ್ದಿರಬಹುದು. ಊರಿಗೆ ತೋರಿಸಬೇಕಾ ಅನ್ನುವ ಮಾತಿನೊಳಗೆ ನಾಚಿಕೆಗಿಂತ ಹೆದರಿಕೆಯೇ ಜಾಸ್ತಿ ಇರಬಹುದು. ಶುಕ್ರವಾರ ರಾತ್ರಿ ಊಟ ಆದ ಮೇಲೆ ಇಷ್ಟು ಹೇಳಿ, “ನಾಳೆ ಹತ್ತಕ್ಕೆ ಇವರಿಗೆ ಲೈಬ್ರರಿ ಇದೆ ಅತ್ತೆ. ತಿಂಡಿ ಏನು ಕಟ್ಟಿಕೊಡೋಣ?”