ಹಲಗೆ ಕೆಡುವುದು ಅಂಚಿನಿಂದ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಪ್ರಶ್ನೆ: ಬಾಲ್ ಪೈಥಾನ್ ಸಾಕಿದ್ದೇನೆ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗೂಡು ಮಾಡಿಸಬೇಕು. ‘ಎಂಡಿಎಫ್ ಸಾಕು, ಪ್ಲೈವುಡ್‌ಗೆ ಯಾಕೆ ದುಡ್ಡು ಸುರೀತೀರಿ’ ಅನ್ನುತ್ತಾರೆ ಅಂಗಡಿಯವರು. ಯಾವುದು ಬಾಳಿಕೆ ಬರುತ್ತದೆ?
– ಓದುಗರು, ಮಂಗಳೂರು

ಉತ್ತರ: ಮಂಗಳೂರಿನಲ್ಲಾದರೆ ಪ್ಲೈವುಡ್ಡೇ. ಐಎಸ್ (ಭಾರತೀಯ ಮಾನಕ) 710 ಗುರುತಿನ ಮರೈನ್ ಪ್ಲೈ, ಇಲ್ಲವೇ ಐಎಸ್ 303ರ ಬಿಡಬ್ಲ್ಯುಆರ್ (ಕುದಿಯುವ ನೀರನ್ನೂ ತಡೆಯುವ) ದರ್ಜೆಯದು, 18 ಮಿ.ಮೀ. ದಪ್ಪ. ಈ ಹಾವಿಗೆ ಗೂಡಿನೊಳಗೆ ಶೇ 60ರ ಆಸುಪಾಸು ತೇವ ಬೇಕು, ಪೊರೆ ಕಳಚುವ ದಿನಗಳಲ್ಲಿ ಶೇ 70. ಬಿಸಿ ಬದಿ 31ರಿಂದ 33 ಡಿಗ್ರಿ ಇರಬೇಕು. ಹೊರಗೆ ಮಳೆಗಾಲದ ಗಾಳಿ, ಒಳಗೆ ಈ ಬಿಸಿ ತೇವ. ಹಲಗೆ ಎರಡೂ ಕಡೆಯಿಂದ ನೀರು ಕುಡಿಯುತ್ತದೆ.

ಎಂಡಿಎಫ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ನೀರು ತಾಗಿದರೆ ಒತ್ತಿಟ್ಟ ನಾರು ಸಡಿಲಗೊಂಡು ಉಬ್ಬುತ್ತದೆ. ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಇಳಿಯುವುದಿಲ್ಲ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಇನ್ನೂ ಬೇಗ ಪುಡಿಯಾಗುತ್ತದೆ. ಇವೆರಡನ್ನೂ ಅಗ್ಗದ ಎಂಆರ್ (ಅಲ್ಪಸ್ವಲ್ಪ ತೇವವನ್ನಷ್ಟೇ ತಡೆಯುವ) ಪ್ಲೈಯನ್ನೂ ಹಿಡಿದಿಟ್ಟಿರುವುದು ಬಹುಮಟ್ಟಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಬಿಸಿ ಮತ್ತು ತೇವ ಒಟ್ಟಿಗೆ ಸೇರಿದರೆ ಆ ಅಂಟೇ ಒಡೆಯುತ್ತದೆ. ಹಲಗೆಯ ಕಸುವು ಹೋಗುವುದು ಒಂದು ಕಡೆ, ಕಣ್ಣು ಮೂಗು ಉರಿಸುವ ಫಾರ್ಮಾಲ್ಡಿಹೈಡ್ ಹೊರಬರುವುದು ಇನ್ನೊಂದು ಕಡೆ. ಮುಚ್ಚಿದ ಪೆಟ್ಟಿಗೆಯಲ್ಲಿರುವ ಹಾವಿಗೆ ಆ ಗಾಳಿ ಬಿಟ್ಟು ಬೇರೆ ಗಾಳಿಯಿಲ್ಲ. ನಮ್ಮ ಪ್ರಕಾರ ಎಂಡಿಎಫ್ ಬೇಡ ಅನ್ನಲು ಇದೊಂದೇ ಕಾರಣ ಸಾಕು. ಬಿಡಬ್ಲ್ಯುಆರ್ ಮತ್ತು ಮರೈನ್ ಪ್ಲೈಗಳಲ್ಲಿ ಸಾಮಾನ್ಯವಾಗಿ ಫೀನಾಲ್ ಅಂಟಿರುತ್ತದೆ. ಅದು ಒಮ್ಮೆ ಗಟ್ಟಿಯಾದರೆ ನೀರಿಗೆ ಜಗ್ಗುವುದಿಲ್ಲ.

ಎಚ್‌ಡಿಎಚ್‌ಎಂಆರ್ (ಹೆಚ್ಚು ಸಾಂದ್ರ, ಹೆಚ್ಚು ತೇವ ತಡೆಯುವ) ಎಂಬ ಹಲಗೆಯನ್ನೂ ತೋರಿಸುತ್ತಾರೆ. ಎಂಡಿಎಫ್‌ಗಿಂತ ಎಷ್ಟೋ ಮೇಲು, ಮೈ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ. ಆದರೆ ತೂಕ ಜಾಸ್ತಿ: 18 ಮಿ.ಮೀ.ನ ಒಂದು ಶೀಟ್ ಸುಮಾರು 45 ಕೆ.ಜಿ. ಪ್ಲೈ 35 ಕೆ.ಜಿ. ಆಸುಪಾಸು.

ಅಂಗಡಿಯಲ್ಲಿ ಶೀಟಿನ ಮೇಲೆ ಐಎಸ್‌ಐ ಮುದ್ರೆಯ ಜತೆ 710 ಅಥವಾ 303, ದರ್ಜೆ ಮತ್ತು ಪರವಾನಗಿ ಸಂಖ್ಯೆ ಅಚ್ಚಾಗಿದೆಯೇ ನೋಡಿ. ಬಿಲ್ಲಿನಲ್ಲೂ ದರ್ಜೆ ಬರೆಸಿ. ಅಂಚನ್ನು ಬೆಳಕಿಗೆ ಹಿಡಿದರೆ ಪದರಗಳ ನಡುವೆ ಸಂದು ಕಾಣಬಾರದು. ಫೀನಾಲ್ ಅಂಟಿನ ಗೆರೆ ಕಂದುಗೆಂಪಾಗಿರುತ್ತದೆ, ಆದರೆ ಬಣ್ಣ ಬಳಿಯುವುದು ಸುಲಭವಾದ್ದರಿಂದ ಅದನ್ನಷ್ಟೇ ನಂಬಬೇಡಿ. 2 ಇಂಚಿನ ಒಂದು ಚೂರು ಕೇಳಿ ತಂದು, ಹಳೆಯ ಪಾತ್ರೆಯಲ್ಲಿ 8 ಗಂಟೆ ಕುದಿಸಿ. ಉಗುರಿನಿಂದ ಕೆದಕಿದರೆ ಪದರ ಏಳುವುದಾದರೆ ಅದು ಬಿಡಬ್ಲ್ಯುಆರ್ ಅಲ್ಲ. ಮರೈನ್ ಪ್ಲೈಯಾದರೆ 72 ಗಂಟೆ ಕುದಿಸಿದರೂ ಬಿಡಬಾರದು.

ನಿಮ್ಮ ಅಳತೆಗೆ 8×4 ಅಡಿಯ ಒಂದೇ ಶೀಟ್ ಸಾಕು. 2440×1220 ಮಿ.ಮೀ. ಶೀಟನ್ನು ನಾಲ್ಕು ಭಾಗ ಮಾಡಿದರೆ, ಗರಗಸ ತಿನ್ನುವುದು ಕಳೆದು, 1218×608ರ ನಾಲ್ಕು ತುಂಡು ಸಿಗುತ್ತವೆ. ಮೂರು ತುಂಡು ತಳ, ಮುಚ್ಚಳ, ಹಿಂಬದಿಗೆ. ನಾಲ್ಕನೆಯದರಲ್ಲಿ 590×608ರ ಎರಡು ಪಕ್ಕದ ಹಲಗೆ. 608 ಎತ್ತರ, 590 ಆಳ. ಉಳಿದ 18 ಮಿ.ಮೀ.ನಲ್ಲಿ ಹಿಂಬದಿ ಹಲಗೆ ಕೂರುತ್ತದೆ. ಮುಂದೆ ಹಳಿಯಲ್ಲಿ ಸರಿಯುವ ಗಾಜಿನ ಕೆಳಗೆ ಕಟ್ಟಲು 3 ಇಂಚಿನ ಪಟ್ಟಿ ಮಾತ್ರ ಬೇರೆ ತರಬೇಕು. 8 ನಂಬರಿನ, 50 ಮಿ.ಮೀ. ಸ್ಕ್ರೂಗಳನ್ನು 6 ಇಂಚಿಗೊಂದರಂತೆ ಹಾಕಿಸಿ, ಮೂಲೆಯಿಂದ 2 ಇಂಚು ಬಿಡಿ. ಮೊದಲು 3 ಮಿ.ಮೀ. ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಅಂಚಿನ ಪದರ ಸೀಳುತ್ತದೆ.

ಇನ್ನು ಮುಖ್ಯವಾದ ಮಾತು. ಗೂಡು ಕೆಡುವುದು ಹಲಗೆಯ ಮೈಯಿಂದಲ್ಲ, ಅಂಚಿನಿಂದ, ತೂತಿನಿಂದ. ಮೈಗೆಲ್ಲ ಹೊಳಪು ಬಳಿದು, ವೈರಿಗಾಗಿ ಕೊರೆದ ತೂತನ್ನು ಹಾಗೇ ಬಿಟ್ಟರೆ, ಆ ತೂತಿನ ಸುತ್ತ ಮೊದಲು ಕಪ್ಪು ಉಂಗುರ ಮೂಡುತ್ತದೆ, ಆಮೇಲೆ ಬೂಷ್ಟು, ಆಮೇಲೆ ಪದರ ಏಳುತ್ತದೆ. ಆದ್ದರಿಂದ ಗಾಳಿಕಂಡಿ, ವೈರಿನ ತೂತುಗಳನ್ನೆಲ್ಲ ಜೋಡಿಸುವ ಮೊದಲೇ ಕೊರೆಸಿ. ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಷ್ ಮೈಗೆ 3 ಕೋಟ್, ಅಂಚಿಗೂ ತೂತಿನ ಒಳಗೋಡೆಗೂ 5 ಕೋಟ್. ಅಂಚು ಮೊದಲ ಎರಡು ಕೋಟನ್ನು ಪೂರ್ತಿ ಹೀರಿಬಿಡುತ್ತದೆ, ಬಳಿದದ್ದೇ ಗೊತ್ತಾಗುವುದಿಲ್ಲ. ಕೋಟ್ ನಡುವೆ 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ. ಜೋಡಿಸಿದ ಮೇಲೆ ಒಳಮೂಲೆಗಳಿಗೆಲ್ಲ ಅಕ್ವೇರಿಯಂ ಸಿಲಿಕೋನ್ ಎಳೆಯಿರಿ. ಬಚ್ಚಲುಮನೆಗೆಂದು ಮಾರುವ ಸಿಲಿಕೋನ್‌ನಲ್ಲಿ ಬೂಷ್ಟುನಾಶಕ ಬೆರೆಸಿರುತ್ತಾರೆ, ಅದು ಬೇಡ.

ವಾರ್ನಿಷ್ ಬದಲು ಒಳಗೆ ಮೈಕಾ ಅಂಟಿಸಿದರೆ ಒರೆಸುವುದು ಸುಲಭ. ಆದರೆ ಒಂದೇ ಬದಿಗೆ ಅಂಟಿಸಬೇಡಿ. ಮೈಕಾ ಇರುವ ಬದಿ ತೇವ ಹೀರುವುದಿಲ್ಲ, ಇನ್ನೊಂದು ಬದಿ ಹೀರುತ್ತದೆ, ಹಲಗೆ ಬಿಲ್ಲಿನಂತೆ ಬಾಗುತ್ತದೆ. ತಳ 3 ಮಿ.ಮೀ. ಬಾಗಿದರೂ ಗಾಜು ಹಳಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸಂದು ಬಿಡುತ್ತದೆ. ಆ ಸಂದಿನಲ್ಲಿ ಮೂತಿ ತೂರಿಸಿ ಹಾವು ಗಾಜನ್ನು ಸರಿಸಿಬಿಡುತ್ತದೆ. ಹೊರಬದಿಗೂ ಲೈನರ್ (ತೆಳು ಮೈಕಾ) ಅಂಟಿಸಲೇಬೇಕು.

ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಆಗಿಲ್ಲದಿದ್ದರೆ ಗೂಡಿಗಿಂತ ಮೊದಲು ಅದನ್ನು ಮುಗಿಸಿ. ನಮ್ಮ ಕಾಡಿನ ಹೆಬ್ಬಾವು, ಉಡ, ನಕ್ಷತ್ರ ಆಮೆಗಳನ್ನು ಮನೆಯಲ್ಲಿಡುವುದು ಅಪರಾಧ.

ಪ್ರಶ್ನೆ: ಮರದ ಗೂಡಿನ ತಳಕ್ಕೆ ಹೊರಗಿನಿಂದ ಹೀಟ್ ಮ್ಯಾಟ್ ಅಂಟಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಗಾಜಿನ ತೊಟ್ಟಿಗೆ ಸರಿಹೋಗುವ ಪದ್ಧತಿ ಅದು. 18 ಮಿ.ಮೀ. ಮರ ಬಿಸಿಯನ್ನು ತಡೆಯುತ್ತದೆ. ಮೇಲೆ ಹಾವಿನ ಹೊಟ್ಟೆಗೆ ಬೆಚ್ಚಗಾಗುವುದಿಲ್ಲ, ಕೆಳಗೆ ಮ್ಯಾಟ್ ಮತ್ತು ಮೇಜಿನ ನಡುವೆ ಬಿಸಿ ಸಿಕ್ಕಿಕೊಂಡು ಮ್ಯಾಟ್ ಸುಡುತ್ತದೆ. ಮುಚ್ಚಳದಿಂದ ಸೆರಾಮಿಕ್ ಹೀಟರ್ ಇಳಿಬಿಡಿ. ಹೋಲ್ಡರ್ ಪಿಂಗಾಣಿಯದೇ ಇರಲಿ, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಸುತ್ತ ತಂತಿಯ ಬುಟ್ಟಿ ಹಾಕಿಸಿ, ಥರ್ಮೋಸ್ಟಾಟ್ ಇಲ್ಲದೆ ಸ್ವಿಚ್ ಹಾಕಲೇಬೇಡಿ. ಹೀಟರ್ ಹಲಗೆಗೆ ತಾಗುವಂತಿರಬಾರದು. ತಿಂಗಳುಗಟ್ಟಲೆ ಬಿಸಿ ತಿಂದ ಮರ ಒಳಗೊಳಗೇ ಕರಕಾಗಿ, ಸುಲಭವಾಗಿ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ.

ಪ್ರಶ್ನೆ: ಇಲ್ಲಿ ಬಿಯರ್ಡೆಡ್ ಡ್ರ್ಯಾಗನ್‌ಗೆ ಎಲ್ಲರೂ ಮೆಲಮಿನ್ ಹಚ್ಚಿದ ಚಿಪ್‌ಬೋರ್ಡ್ (ಪಾರ್ಟಿಕಲ್ ಬೋರ್ಡ್) ಬಳಸುತ್ತಾರೆ. ಅದು ತಪ್ಪೇ? ಒಎಸ್‌ಬಿ ಒಳ್ಳೆಯದೇ?
– ಓದುಗರು, ಇಂಗ್ಲೆಂಡ್

ಉತ್ತರ: ತಪ್ಪಲ್ಲ. ಆ ಹಲ್ಲಿ ಆಸ್ಟ್ರೇಲಿಯಾದ ಒಣ ನೆಲದ್ದು, ಶೇ 30ರಿಂದ 40 ತೇವ ಅದಕ್ಕೆ ಸಾಕು. 15 ಅಥವಾ 18 ಮಿ.ಮೀ. ಹಲಗೆ ತಂದು, ಕತ್ತರಿಸಿದ ಪ್ರತಿ ಅಂಚಿಗೂ ಪಟ್ಟಿ ಅಂಟಿಸಿ, ಒಳಮೂಲೆಗೆ ಸಿಲಿಕೋನ್ ಎಳೆದರೆ ವರ್ಷಗಟ್ಟಲೆ ಇರುತ್ತದೆ. ನೀರಿನ ಬಟ್ಟಲು ಮೂಲೆಗೆ ತಾಗದಿರಲಿ. ಒಎಸ್‌ಬಿ ಅಂದರೆ ಮರದ ಚಕ್ಕೆಗಳನ್ನು ಒತ್ತಿ ಮಾಡಿದ ಹಲಗೆ, ಅದರಲ್ಲಿ ತೇವ ತಡೆಯುವುದು 3 ಮತ್ತು 4ನೇ ದರ್ಜೆಯವು. ಗಟ್ಟಿಯೇನೋ ಹೌದು, ಆದರೆ ಚಕ್ಕೆಗಳ ಸಂದಿನಲ್ಲಿ ಹಿಕ್ಕೆ ಸೇರಿದರೆ ತೆಗೆಯಲಾಗುವುದಿಲ್ಲ. ಒಳಮೈಗೆ ಅದು ಬೇಡ.

ಪ್ರಶ್ನೆ: ವಾರ್ನಿಷ್ ಬಳಿದ ಎಷ್ಟು ದಿನಕ್ಕೆ ಪ್ರಾಣಿಯನ್ನು ಬಿಡಬಹುದು?
– ಓದುಗರು, ತುಮಕೂರು

ಉತ್ತರ: ಕೈಗೆ ಅಂಟದಿದ್ದರೆ ಒಣಗಿದೆ ಎಂದಷ್ಟೇ ಅರ್ಥ, ಪೂರ್ತಿ ಗಟ್ಟಿಯಾಗಲು ಎರಡು–ಮೂರು ವಾರ ಬೇಕು. ಅಷ್ಟು ದಿನ ಗಾಜು ತೆಗೆದು ಗಾಳಿಗಿಡಿ. ಕೊನೆಯ ವಾರ ಗೂಡು ಖಾಲಿಯಿರುವಾಗಲೇ ಹೀಟರ್ ಹಾಕಿ, ಪ್ರಾಣಿಗೆ ಬೇಕಾದಷ್ಟೇ ಬಿಸಿಯಲ್ಲಿ ನಡೆಸಿ. ಆಮೇಲೆ ಒಂದು ರಾತ್ರಿ ಗಾಜು ಮುಚ್ಚಿಟ್ಟು, ಬೆಳಗ್ಗೆ ತೆರೆದ ತಕ್ಷಣ ಮುಖ ಒಳಗಿಟ್ಟು ಮೂಸಿ ನೋಡಿ. ವಾರ್ನಿಷಿನ ವಾಸನೆ ಬಂದರೆ ಇನ್ನೊಂದು ವಾರ ಕಾಯಿರಿ.