ಹೈಕು ಅರ್ಧಕ್ಕೇ ನಿಂತಂತೆ ಕಾಣುವುದು ಯಾಕೆ?

ನೀವು ಕೇಳಿದ್ದು ಇಷ್ಟು: ಜಪಾನಿ ಕವಿ ಬಾಶೋನ ಕಪ್ಪೆಯ ಹೈಕು ಓದಿದೆ. ಹಳೆಯ ಕೊಳ, ಕಪ್ಪೆ ಹಾರಿತು, ನೀರಿನ ಸದ್ದು. ಮುಗಿಯಿತು. ಇದರಲ್ಲಿ ಇಷ್ಟೊಂದು ಹೊಗಳುವಂಥದ್ದು ಏನಿದೆ? ಸಾಲುಗಳಿಗೆ 5-7-5 ಅಂತ ಅಳತೆ ಹಿಡಿದು ಮೂರು ಸಾಲು ಬರೆದರೆ ಹೈಕು ಆಗಿಬಿಡುತ್ತದಾ?

ಎರಡನೇ ಪ್ರಶ್ನೆಗೆ ಉತ್ತರ ಸುಲಭ. ಆಗುವುದಿಲ್ಲ. ಮೊದಲನೆಯದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೈಕು ಏನೋ ಅರ್ಧಕ್ಕೇ ನಿಂತಿದೆ ಅಂತ ನಿಮಗೆ ಅನಿಸಿತಲ್ಲ, ಅದು ಸರಿಯಾಗಿಯೇ ಅನಿಸಿದೆ. ಅದು ಹುಟ್ಟಿದ್ದೇ ಹಾಗೆ.

ಜಪಾನಿನಲ್ಲಿ ರೆಂಗಾ ಅಂತ ಒಂದು ಪದ್ಧತಿ ಇತ್ತು. ಕೆಲವರು ಒಟ್ಟಿಗೆ ಕೂತು ಒಂದೇ ಕವಿತೆಯನ್ನು ಸರದಿಯಂತೆ ಕಟ್ಟುವುದು. ಮೊದಲನೆಯವರು 5-7-5 ಹೇಳುತ್ತಾರೆ. ಎರಡನೆಯವರು ಅದಕ್ಕೆ 7-7 ಸೇರಿಸುತ್ತಾರೆ. ಮೂರನೆಯವರು ಮತ್ತೆ 5-7-5. ಹೀಗೆ ನೂರು ಪದ್ಯದವರೆಗೂ ಹೋಗುತ್ತಿತ್ತು. 1488ರಲ್ಲಿ ಸೋಗಿ, ಶೊಹಾಕು, ಸೋಚೋ ಎಂಬ ಮೂವರು ಮಿನಾಸೆ ಎಂಬಲ್ಲಿಗೆ ಸಂಬಂಧಿಸಿ ಕಟ್ಟಿದ ನೂರು ಪದ್ಯಗಳ ರೆಂಗಾ ತುಂಬಾ ಹೆಸರುವಾಸಿ. ಅದರ ಶುರು ನೋಡಿ (ಅನುವಾದ ನನ್ನದು, ಒರಟಾಗಿದೆ):

ಹಿಮವಿನ್ನೂ ಉಳಿದಿದೆ,
ಬೆಟ್ಟದ ಬುಡಕ್ಕೆ ಮಂಜು
ಕವಿದ ಸಂಜೆ

ಇದು ಸೋಗಿಯದು. ಶೊಹಾಕು ಇದಕ್ಕೆ, ದೂರಕ್ಕೆ ಹರಿದು ಹೋಗುವ ನೀರು, ಪ್ಲಮ್ ಹೂವಿನ ಘಮದ ಹಳ್ಳಿ ಅಂತ ಜೋಡಿಸಿದ. ಮೂರನೆಯವನು ಹೊಳೆಗಾಳಿಗೆ ಅಲುಗುವ ವಿಲೋ ಮರಗಳನ್ನು ತಂದ. ಇಲ್ಲಿ ಒಂದು ನಿಯಮ ಇದೆ. ಪ್ರತಿ ಪದ್ಯವೂ ತನ್ನ ಹಿಂದಿನದಕ್ಕೆ ಮಾತ್ರ ಹೊಂದಿಕೊಳ್ಳಬೇಕು. ಅದರ ಹಿಂದಿನದನ್ನು ಬಿಟ್ಟು ಮುಂದಕ್ಕೆ ಹೋಗಬೇಕು. ಕಥೆ ಇಲ್ಲ, ಹರಿವು ಮಾತ್ರ.

ಮೊದಲ ಪದ್ಯದ ಹೆಸರು ಹೊಕ್ಕು. ಆವತ್ತು ಸೇರಿದವರಿಗೆ ಅದು ಸ್ವಾಗತದ ಮಾತು. ಹಾಗಾಗಿ ಆ ದಿನದ ಋತು ಅದರಲ್ಲಿ ಇರಲೇಬೇಕು. ತನ್ನ ಕಾಲ ಮೇಲೆ ನಿಲ್ಲಬೇಕು, ಆದರೆ ಎಲ್ಲವನ್ನೂ ಹೇಳಿ ಮುಗಿಸಬಾರದು. ಮುಗಿಸಿಬಿಟ್ಟರೆ ಪಕ್ಕದಲ್ಲಿ ಕೂತವನು ಏನು ಹೇಳಬೇಕು? ಈ ಹೊಕ್ಕುವೇ ಮುಂದೆ ಹೈಕು ಆಯಿತು. ಉಳಿದ ತೊಂಬತ್ತೊಂಬತ್ತು ಪದ್ಯ ಹೋದವು, ಮುಂದಿನವನಿಗೆ ಬಿಟ್ಟ ಜಾಗ ಮಾತ್ರ ಹಾಗೇ ಉಳಿಯಿತು. ಈಗ ಆ ಜಾಗದಲ್ಲಿ ಕೂತಿರುವವರು ಓದುಗರು, ಅಂದರೆ ನೀವು.

ಸೋಗಿಯ ಥರದ ರೆಂಗಾ ಗಂಭೀರವಾಗಿತ್ತು. ಆಮೇಲೆ ಹೈಕಾಯ್ ಅನ್ನುವ ತಮಾಷೆಯ ರೂಪ ಬಂತು. ಊರಿನ ವ್ಯಾಪಾರಿಗಳೂ ಆಡುವ ಆಟವಾಯಿತು. ಆಟ ಎಲ್ಲಿಗೆ ಮುಟ್ಟಿತು ಅಂದರೆ, 1684ರಲ್ಲಿ ಸಾಯಿಕಾಕು ಎಂಬ ಕವಿ ಒಸಾಕಾದ ಸುಮಿಯೋಶಿ ದೇಗುಲದಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ 23,500 ಪದ್ಯ ಹೇಳಿದ. ನಾಲ್ಕು ಸೆಕೆಂಡಿಗೂ ಮೊದಲೇ ಒಂದು! ಬರೆದುಕೊಳ್ಳುವುದಾದರೂ ಹೇಗೆ? ಅವುಗಳಲ್ಲಿ ಬಹುತೇಕ ಯಾವುದೂ ಉಳಿದಿಲ್ಲ. ಅದೇ ವರ್ಷ ಬಾಶೋ ತನ್ನ ದೊಡ್ಡ ಕಾಲ್ನಡಿಗೆಗಳಲ್ಲಿ ಮೊದಲನೆಯದಕ್ಕೆ ಹೊರಟ. ಅವನದು ಇದಕ್ಕೆ ತೀರಾ ಉಲ್ಟಾ ದಾರಿ.

ಈಗ ಕಪ್ಪೆಗೆ ಬರೋಣ. ಆ ಪದ್ಯ 1686ರದ್ದು. ಅದನ್ನು ಓದುವ ಮೊದಲು ಒಂದು ವಿಷಯ ತಿಳಿದಿರಬೇಕು. ಜಪಾನಿ ಕಾವ್ಯದಲ್ಲಿ ನೂರಾರು ವರ್ಷಗಳಿಂದ ಕಪ್ಪೆ ಅಂದರೆ ಅದರ ಕೂಗು. ಇಂಪಾಗಿ ಹಾಡುವ ಕಪ್ಪೆ, ಪಕ್ಕದಲ್ಲಿ ಯಮಾಬುಕಿ ಎಂಬ ಹಳದಿ ಹೂವು. ಇದು ಕವಿಸಮಯ, ಅಂದರೆ ಕವಿಗಳು ಪಾಲಿಸಿಕೊಂಡು ಬಂದ ರೂಢಿ. ಬಾಶೋನ ಕಪ್ಪೆ ಹಾಡುವುದೇ ಇಲ್ಲ. ಕೊಳಕ್ಕೆ ಹಾರುತ್ತದೆ, ನೀರು ಸದ್ದು ಮಾಡುತ್ತದೆ. ಆ ಕಾಲದ ಓದುಗ ಕೂಗಿಗೆ ಕಿವಿ ತೆರೆದು ಕೂತಿದ್ದ. ಸಿಕ್ಕಿದ್ದು ಪುಳಕ್ ಅನ್ನುವ ಸದ್ದು. ಶಿಷ್ಯ ಶಿಕೋ ಬರೆದಿಟ್ಟಿರುವ ಪ್ರಕಾರ, ಮೊದಲ ಸಾಲಿಗೆ ಏನು ಹಾಕೋಣ ಅನ್ನುವ ಮಾತು ಬಂದಾಗ ಕಿಕಾಕು ಎಂಬ ಇನ್ನೊಬ್ಬ ಶಿಷ್ಯ ಯಮಾಬುಕಿ ಹೂವನ್ನೇ ಸೂಚಿಸಿದನಂತೆ. ಗುರು ಒಪ್ಪಲಿಲ್ಲ, ಹಳೆಯ ಕೊಳ ಅಂತ ಇಟ್ಟ. ಅನುವಾದದಲ್ಲಿ ಈ ಹಿನ್ನೆಲೆ ಬರುವುದಿಲ್ಲ. ಆದ್ದರಿಂದ ನಿಮಗೆ ಸಪ್ಪೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನನ್ನು ಕೇಳಿದರೆ, ಹೈಕು ಓದಲು ಶುರು ಮಾಡುವವರಿಗೆ ಈ ಪದ್ಯ ಕೊಡಲೇಬಾರದು.

ಬದಲಿಗೆ ಇದನ್ನು ಕೊಡುತ್ತೇನೆ. 1689ರಲ್ಲಿ ಬಾಶೋ, ಸೋರಾ ಎಂಬ ಶಿಷ್ಯನ ಜೊತೆ ಎಡೋ, ಅಂದರೆ ಇವತ್ತಿನ ಟೋಕ್ಯೋ, ಬಿಟ್ಟು ಉತ್ತರಕ್ಕೆ ನಡೆದ. ಬೇಸಿಗೆಯಲ್ಲಿ ಯಮಾಗಾತಾ ಸೀಮೆಯ ಯಮಾದೆರಾ ಎಂಬ ಬಂಡೆಗಳ ಮೇಲಿನ ದೇವಾಲಯ ಹತ್ತಿದ.

ಎಂಥ ನಿಶ್ಶಬ್ದ!
ಬಂಡೆಯೊಳಗೆ ಇಳಿಯುತ್ತಿದೆ
ಜೀರುಂಡೆಯ ದನಿ

ಇದು ಒಂದೇ ಏಟಿಗೆ ಬಂದದ್ದಲ್ಲ. ಮೊದಲ ಕರಡಿನಲ್ಲಿ ಬರೀ 'ಬೆಟ್ಟದ ದೇಗುಲ' ಅಂತ ಇತ್ತು, ಜೀರುಂಡೆಯ ದನಿ ಕಲ್ಲಿಗೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಅದು 'ಎಂಥ ಒಂಟಿತನ' ಆಯಿತು. ಕೊನೆಗೆ ನಿಶ್ಶಬ್ದ, ಮತ್ತು ಬಂಡೆಯ ಒಳಕ್ಕೇ ಇಳಿಯುವ ದನಿ. ಮೊದಲನೆಯದು ಜಾಗ ತೋರಿಸುತ್ತದೆ. ಎರಡನೆಯದು ಭಾವನೆಗೆ ಹೆಸರಿಡುತ್ತದೆ. ಮೂರನೆಯದರಲ್ಲಿ ಇಷ್ಟು ಸದ್ದಿದ್ದರೂ ನಿಶ್ಶಬ್ದ ಹೇಗೆ ಅನ್ನುವ ತೊಡಕನ್ನು ನಮ್ಮ ಕೈಗೆ ಕೊಟ್ಟು ಕವಿ ಹೊರಟುಹೋಗುತ್ತಾನೆ. ಜಪಾನಿಯರು ಇದನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಅಂದರೆ, 1920ರ ದಶಕದಲ್ಲಿ ಇದು ಯಾವ ಜಾತಿಯ ಜೀರುಂಡೆ ಅಂತ ಕವಿ ಸಾಯಿತೋ ಮೊಕಿಚಿಗೂ ವಿಮರ್ಶಕ ಕೊಮಿಯಾ ತೊಯೊತಾಕಾಗೂ ವಾದವೇ ನಡೆಯಿತು. ಆ ಋತುವಿನಲ್ಲಿ ಅಲ್ಲಿ ಹುಳು ಹಿಡಿದು ನೋಡಿಯೂ ಆಯಿತು. ಮೊಕಿಚಿ ಸೋತ. ಪಾಪ, ಅವನದು ಅದೇ ಯಮಾಗಾತಾ ಸೀಮೆ!

ಲೆಕ್ಕದ ವಿಷಯ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಜಪಾನಿಯರು ಎಣಿಸುವುದು ಅಕ್ಷರವನ್ನಲ್ಲ, ಹೆಚ್ಚುಕಡಿಮೆ ನಮ್ಮ ಮಾತ್ರೆಯನ್ನು. ಟೋಕ್ಯೋ ನಮಗೆ ಎರಡು ಅಕ್ಷರ, ಅವರಿಗೆ ನಾಲ್ಕು. ನಮ್ಮ ಛಂದಸ್ಸಿನಲ್ಲಿ ಎರಡು ಗುರು (ತಲಾ ಎರಡು ಮಾತ್ರೆಯ ಅಕ್ಷರ) ಹಾಕಿದರೂ ನಾಲ್ಕೇ ಬರುತ್ತದೆ. ಹಾಗಾಗಿ 17 ಅಕ್ಷರದ ಕನ್ನಡ ಹೈಕು ಲೆಕ್ಕದಲ್ಲಿ ಜಪಾನಿ ಹೈಕುವಿಗಿಂತ ಉದ್ದವೇ ಆಗುತ್ತದೆ. ಜಪಾನಿನಲ್ಲಿ ಸಾಮಾನ್ಯವಾಗಿ ಅದನ್ನು ಮೂರು ಸಾಲಾಗಿ ಅಚ್ಚು ಹಾಕುವುದೂ ಇಲ್ಲ. ಮೇಲಿನಿಂದ ಕೆಳಕ್ಕೆ ಒಂದೇ ಸಾಲು. ಬಾಶೋನದೇ ಇನ್ನೊಂದು ಪ್ರಸಿದ್ಧ ಪದ್ಯ ಇದೆ, ಒಣಕೊಂಬೆಯ ಮೇಲೆ ಕಾಗೆ ಕೂತ ಶರತ್ಕಾಲದ ಸಂಜೆ. ಅದರ ನಡುಸಾಲಿನಲ್ಲಿ ಏಳರ ಬದಲು ಒಂಬತ್ತಿವೆ. ನೀವೂ ಎಣಿಕೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಎರಡು ವಿಷಯಕ್ಕೆ. ಒಂದು, ಪದ್ಯದ ನಡುವಿನ ಕಡಿತ. ಎರಡು ಚಿತ್ರ ಪಕ್ಕಪಕ್ಕ ಇಟ್ಟು, ಅವುಗಳ ನಡುವೆ 'ಅಂತೆ', 'ಹಾಗೆ' ಹಾಕದೆ ಬಿಡುವುದು. ಇದಕ್ಕೆಂದೇ ಅವರಲ್ಲಿ ಯಾ, ಕಾನಾ, ಕೇರಿ ಥರದ ಚಿಕ್ಕ ಪದಗಳಿವೆ. ಇನ್ನೊಂದು, ಋತುವಿನ ಪದ. ಕಪ್ಪೆ ಅಂದರೆ ವಸಂತ, ಜೀರುಂಡೆ ಅಂದರೆ ಬೇಸಿಗೆ, ಬರೀ ಚಂದ್ರ ಅಂದರೆ ಶರತ್ಕಾಲ. ಇವನ್ನೆಲ್ಲ ಪಟ್ಟಿ ಮಾಡಿದ ಸಾಯಿಜಿಕಿ ಎಂಬ ಕೋಶಗಳೇ ಇವೆ. ಕನ್ನಡದಲ್ಲಿ ಬರೆಯುವವರು ಚೆರ್ರಿ ಹೂವನ್ನು ಆಮದು ಮಾಡಿಕೊಳ್ಳುವುದು ನನಗೆ ಇಷ್ಟವಿಲ್ಲ. ಆರಿದ್ರಾ, ಪುಷ್ಯ, ಹುಬ್ಬೆ, ಚಿತ್ತೆ ಅಂತ ಮಳೆಗಳಿಗೇ ಹೆಸರಿಟ್ಟವರು ನಾವು. 'ಆರಿದ್ರಾ ಮಳೆ' ಅಂದರೆ ಸಾಕು, ಹೊಲ ಬಲ್ಲವರಿಗೆ ಪೂರ್ತಿ ಚಿತ್ರ ಬರುತ್ತದೆ, ಅಲ್ವಾ?

ಬಾಶೋ ಆದಮೇಲೆ ಬುಸೊನ್ (1716–1784). ಚಿತ್ರಕಾರ ಕೂಡ. ಮಲಗುವ ಕೋಣೆಯಲ್ಲಿ ತೀರಿಹೋದ ಹೆಂಡತಿಯ ಬಾಚಣಿಗೆ ಕಾಲಿಗೆ ಸಿಕ್ಕಿ ಮೈಗೆ ಚಳಿ ಇಳಿಯಿತು ಅಂತ ಬರೆದ. ಓದಿದರೆ ಕರುಳು ಚುರ್ ಅನ್ನುತ್ತದೆ. ಆಗ ಅವನ ಹೆಂಡತಿ ಆರಾಮಾಗಿ ಬದುಕಿದ್ದಳು. ಹೈಕು ಅಂದರೆ ಕಣ್ಣಾರೆ ಕಂಡದ್ದು ಮಾತ್ರ ಅನ್ನುವವರಿಗೆ ನಾನು ಇದನ್ನೇ ತೋರಿಸುವುದು. ಇಸ್ಸಾನದು (1763–1828) ಇನ್ನೊಂದು ತುದಿ. 1819ರಲ್ಲಿ ಪುಟ್ಟ ಮಗಳು ಸಾತೋ ಸಿಡುಬಿನಿಂದ ಹೋದಳು. ಬದುಕು ಇಬ್ಬನಿ ಅನ್ನುವ ಬೌದ್ಧರ ಮಾತು ಅವನಿಗೆ ಗೊತ್ತು.

ಇಬ್ಬನಿಯ ಲೋಕ
ಇಬ್ಬನಿಯ ಲೋಕವೇ ಹೌದು
ಆದರೂ, ಆದರೂ

ಆದರೂ ಏನು? ಹೇಳುವುದಿಲ್ಲ.

ಹೈಕು ಅನ್ನುವ ಹೆಸರನ್ನು ಗಟ್ಟಿ ಮಾಡಿದವನು ಮಸಾವೊಕಾ ಶಿಕಿ. 1890ರ ದಶಕದಲ್ಲಿ ಅವನು ಹೊಕ್ಕು ಸಾಹಿತ್ಯ, ಸರದಿಯ ಪದ್ಯಗಳ ಸರಪಳಿ ಸಾಹಿತ್ಯವಲ್ಲ ಅಂದುಬಿಟ್ಟ. ಮೊದಲ ಪದ್ಯವನ್ನು ಸರಪಳಿಯಿಂದ ಪೂರ್ತಿ ಬಿಡಿಸಿದ. ಬೆನ್ನುಮೂಳೆಯ ಕ್ಷಯ ಹಿಡಿದು ವರ್ಷಗಟ್ಟಲೆ ಹಾಸಿಗೆಯಲ್ಲಿದ್ದು 1902ರಲ್ಲಿ 34ನೇ ವಯಸ್ಸಿಗೆ ತೀರಿಕೊಂಡ. ಮಲಗಿದಲ್ಲಿಂದಲೇ ಅವನು ಬರೆದದ್ದು: ಎಷ್ಟು ಸಲ ಕೇಳಿದೆನೋ, ಹಿಮ ಎಷ್ಟು ಆಳ ಬಿದ್ದಿದೆ ಎಂದು. ಎದ್ದು ನೋಡಲಾರೆ ಅನ್ನುವುದು ಪದ್ಯದಲ್ಲಿ ಎಲ್ಲೂ ಇಲ್ಲ.

ನಮ್ಮ ಹನಿಗವನಗಳನ್ನು ಹೈಕು ಅಂತ ಕರೆಯುವುದರ ಬಗ್ಗೆಯೂ ಒಂದು ಮಾತು. ಹನಿಗವನದ ಮಜಾ ಕೊನೆಯ ಸಾಲಿನ ಚಮಕ್. ಬಾಗಿಲು ಹಾಕಿದ ಹಾಗೆ ಟಪ್ ಅಂತ ಮುಗಿಯಬೇಕು. ಜಪಾನಿನಲ್ಲಿ ಅದಕ್ಕೆ ಹತ್ತಿರದ್ದು ಸೆನ್ರ್ಯೂ. ಅಳತೆ ಅದೇ, ಆದರೆ ಋತು ಬೇಕಿಲ್ಲ, ವಸ್ತು ಮನುಷ್ಯರ ಎಡವಟ್ಟುಗಳು. ಅದು ಕೀಳು ಅಂತಲ್ಲ, ಬೇರೆ ಕಸುಬು.

ನಿಮಗೆ ಬರೆಯುವ ಆಸೆ ಇದ್ದರೆ ಒಬ್ಬರೇ ಕೂರಬೇಡಿ. ಜಪಾನಿನಲ್ಲಿ ಈಗಲೂ ಕುಕಾಯ್ ಎಂಬ ಕೂಟಗಳು ನಡೆಯುತ್ತವೆ. ಎಲ್ಲರೂ ಚೀಟಿಯಲ್ಲಿ ಹೆಸರಿಲ್ಲದೆ ಹೈಕು ಬರೆದು ಹಾಕುತ್ತಾರೆ. ಕೈಬರಹ ಗೊತ್ತಾಗಬಾರದು ಅಂತ ಬೇರೆಯವರು ಅದನ್ನು ನಕಲು ಮಾಡುತ್ತಾರೆ. ಪ್ರತಿಯೊಬ್ಬರೂ ತಮಗೆ ಹಿಡಿಸಿದ್ದನ್ನು ಆರಿಸಿ ಓದುತ್ತಾರೆ, ಚರ್ಚೆ ಆಗುತ್ತದೆ. ಬರೆದವರು ಯಾರು ಅಂತ ಆಮೇಲೆ ಗೊತ್ತಾಗುತ್ತದೆ. ಗುರುವಿನ ಪದ್ಯಕ್ಕೆ ಒಂದೂ ವೋಟು ಬೀಳದೆ ಹೋಗಬಹುದು. ಐದಾರು ಜನ ಗೆಳೆಯರಿದ್ದರೆ ವಾಟ್ಸಾಪ್‌ನಲ್ಲೇ ಮಾಡಬಹುದು. ಒಬ್ಬರು ಎಲ್ಲರದ್ದನ್ನೂ ತರಿಸಿಕೊಂಡು, ಹೆಸರು ತೆಗೆದು ಗುಂಪಿಗೆ ಹಾಕಿದರೆ ಆಯಿತು.